ಪ್ರಾಚೀನ ಕಟ್ಟಡಗಳ ದುರಸ್ತಿಗೆ ಸರ್ಕಾರದ ನೆರವು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಅನೇಕ ಗ್ರಾಮಗಳಲ್ಲಿ ಶತಮಾನಗಳಷ್ಟು ಹಳೆಯದಾದ ದೇವಾಲಯ, ಬಸದಿ, ಮಸೀದಿ, ಕೋಟೆ ಹಾಗೂ ಕಲ್ಯಾಣಿಗಳಿವೆ. ಇವುಗಳ ದುರಸ್ತಿಗೆ ನೆರವು ಕೋರುವವರು ಎರಡು ಅಂಶಗಳನ್ನು ಮೊದಲು ತಿಳಿದಿರಬೇಕು. ಒಂದು, ಯಾವ ಕಚೇರಿಗೆ ಅರ್ಜಿ ಸಲ್ಲಿಸಬೇಕೆಂಬುದು ಕಟ್ಟಡದ ಕಾನೂನು ಸ್ಥಾನಮಾನವನ್ನು ಅವಲಂಬಿಸಿರುತ್ತದೆ. ಎರಡು, ಸಂರಕ್ಷಣೆಯ ಅನುದಾನದ ಉದ್ದೇಶ ಇರುವ ಕಟ್ಟಡವನ್ನು ಉಳಿಸುವುದೇ ಹೊರತು ಅದನ್ನು ಕೆಡವಿ ಹೊಸದನ್ನು ಕಟ್ಟುವುದಲ್ಲ.

ಕಟ್ಟಡವು ಯಾರ ವ್ಯಾಪ್ತಿಗೆ ಸೇರಿದೆ?

1. ಕೇಂದ್ರ ಸಂರಕ್ಷಿತ ಸ್ಮಾರಕಗಳು: ರಾಜ್ಯದಲ್ಲಿ 500ಕ್ಕೂ ಹೆಚ್ಚು ಸ್ಮಾರಕಗಳು 1958ರ ಕೇಂದ್ರ ಅಧಿನಿಯಮದಡಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. ಇವುಗಳ ದುರಸ್ತಿಯನ್ನು ಸದರಿ ಇಲಾಖೆಯು ಕೇಂದ್ರದ ಹಣದಿಂದ ಕೈಗೊಳ್ಳುತ್ತದೆ. ದಾನಿಗಳು 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಮೂಲಕವೂ ದೇಣಿಗೆ ನೀಡಬಹುದು.

2. ರಾಜ್ಯ ಸಂರಕ್ಷಿತ ಸ್ಮಾರಕಗಳು: 800ಕ್ಕೂ ಹೆಚ್ಚು ಸ್ಮಾರಕಗಳು 1961ರ ರಾಜ್ಯ ಅಧಿನಿಯಮದ ವ್ಯಾಪ್ತಿಯಲ್ಲಿವೆ. ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯು ಇವುಗಳನ್ನು ನೋಡಿಕೊಳ್ಳುತ್ತದೆ. ಹಣವು ಮುಖ್ಯವಾಗಿ ರಾಜ್ಯದ ಆಯವ್ಯಯದಿಂದ ದೊರೆಯುತ್ತದೆ. ಹಣಕಾಸು ಆಯೋಗಗಳ ಅನುದಾನವೂ ಬಂದದ್ದುಂಟು: 12ನೇ ಆಯೋಗವು 2005–10ರ ಅವಧಿಯಲ್ಲಿ ಪರಂಪರೆಯ ಸಂರಕ್ಷಣೆಗೆಂದು ದೇಶದ ರಾಜ್ಯಗಳಿಗೆ ಒಟ್ಟು 625 ಕೋಟಿ ರೂ. ಶಿಫಾರಸು ಮಾಡಿತ್ತು.

3. ಸಂರಕ್ಷಿತ ಪಟ್ಟಿಯಲ್ಲಿಲ್ಲದ ಕಟ್ಟಡಗಳು: ಮುಜರಾಯಿ ದೇವಾಲಯಗಳಿಗೆ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮವು ಅನ್ವಯಿಸುತ್ತದೆ. ಇವುಗಳ ಬಗ್ಗೆ ತಹಶೀಲ್ದಾರರು ಅಥವಾ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ವೆಚ್ಚ ಹಂಚಿಕೆಯ ಮಾದರಿಯೂ ರಾಜ್ಯದಲ್ಲಿ ಬಳಕೆಗೆ ಬಂದಿದೆ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್‌ನ ಸಹಯೋಗದ ಕಾಮಗಾರಿಗಳಲ್ಲಿ ಸರ್ಕಾರ ಶೇ. 40, ಟ್ರಸ್ಟ್ ಶೇ. 40 ಹಾಗೂ ಗ್ರಾಮಸ್ಥರು ಶೇ. 20ರಷ್ಟು ವೆಚ್ಚ ಭರಿಸಿದ್ದಾರೆ.

ಅರ್ಜಿ ಸಲ್ಲಿಸುವ ಮುನ್ನ

ಅರ್ಜಿದಾರರು ಈ ಕೆಳಗಿನವುಗಳನ್ನು ಸಿದ್ಧಪಡಿಸಿಕೊಳ್ಳುವುದು ಸೂಕ್ತ:

ಅ) ಕಟ್ಟಡವಿರುವ ಜಮೀನಿನ ಸರ್ವೆ ಸಂಖ್ಯೆ, ಪಹಣಿ ಹಾಗೂ ಮಾಲೀಕತ್ವದ ವಿವರ.
ಆ) ನಾಲ್ಕೂ ದಿಕ್ಕು, ಒಳಾಂಗಣ, ಮೇಲ್ಛಾವಣಿ ಮತ್ತು ಬಿರುಕುಗಳ ಛಾಯಾಚಿತ್ರಗಳು.
ಇ) ಸುತ್ತಮುತ್ತಲಿನ ಶಾಸನ, ವೀರಗಲ್ಲು ಮತ್ತು ಬಿಡಿ ಶಿಲ್ಪಗಳ ಪಟ್ಟಿ.

ಕೊನೆಯದನ್ನು ಅಲಕ್ಷಿಸಬಾರದು. ಕನ್ನಡದ ಇತಿಹಾಸಕ್ಕೆ ಬುನಾದಿಯಾದ ಹಲ್ಮಿಡಿ ಶಾಸನವನ್ನು ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ವಿದ್ವಾಂಸರ ಗಮನಕ್ಕೆ ತಂದರು. ಅದುವರೆಗೆ ಅದು ಊರಿನ ಒಂದು ಕಲ್ಲಷ್ಟೇ ಆಗಿತ್ತು. ಅಂತಹ ಕಲ್ಲು ಯಾವುದೇ ಅಡಿಪಾಯದಲ್ಲಿ ಹುದುಗಿಹೋದರೆ ಯಾವ ಅನುದಾನವೂ ಅದನ್ನು ಮರಳಿ ತರಲಾರದು.

ದುರಸ್ತಿಯ ವಿಧಾನ

ಹಳೆಯ ಸುಣ್ಣದ ಗಾರೆಯು ಗೋಡೆಯ ತೇವಾಂಶವನ್ನು ಹೊರಹೋಗಲು ಬಿಡುತ್ತದೆ. ಸಿಮೆಂಟ್ ಅದನ್ನು ತಡೆಯುತ್ತದೆ. ಒಳಗುಳಿದ ನೀರಿನಲ್ಲಿನ ಲವಣಗಳು ಹರಳುಗಟ್ಟಿ ಕಲ್ಲಿನ ಹಾಗೂ ಇಟ್ಟಿಗೆಯ ಮೇಲ್ಪದರವನ್ನು ಉದುರಿಸುತ್ತವೆ. ಎಣ್ಣೆಬಣ್ಣವು ಕೆತ್ತನೆಯನ್ನು ಮುಚ್ಚಿಬಿಡುತ್ತದೆ. ಮರಳು ಚಿಮ್ಮಿಸಿ ಶುಚಿಗೊಳಿಸುವುದರಿಂದ ಶಾಸನದ ಅಕ್ಷರಗಳೇ ಸವೆಯುತ್ತವೆ. ಸುಣ್ಣವನ್ನು ಅರಳಿಸಿ ಹದಗೊಳಿಸಲು ಸಮಯ ಬೇಕು, ನುರಿತ ಕುಶಲಕರ್ಮಿಗಳೂ ಬೇಕು. ಆದ್ದರಿಂದ ಅಂದಾಜು ಪಟ್ಟಿಯನ್ನು ಸಂರಕ್ಷಣೆಯಲ್ಲಿ ಅನುಭವವುಳ್ಳ ತಾಂತ್ರಿಕ ಸಿಬ್ಬಂದಿಯಿಂದ ತಯಾರಿಸಿಕೊಳ್ಳುವುದು ಅಗತ್ಯ.

ಗಮನಿಸಬೇಕಾದ ನಿರ್ಬಂಧಗಳು

2010ರ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವಾಗಿದ್ದು, ಅಲ್ಲಿ ಹೊಸ ಕಟ್ಟಡ ನಿರ್ಮಿಸುವಂತಿಲ್ಲ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದೆ. ನಿಷೇಧಿತ ಪ್ರದೇಶದಲ್ಲಿ ಈಗಾಗಲೇ ಇರುವ ಮನೆಯ ದುರಸ್ತಿಗೂ, ನಿಯಂತ್ರಿತ ಪ್ರದೇಶದಲ್ಲಿನ ನಿರ್ಮಾಣಕ್ಕೂ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯತಕ್ಕದ್ದು. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಸೂಚನೆ: ಮಂಜೂರಾತಿ ವಿಳಂಬವಾಯಿತೆಂದು ಗ್ರಾಮಸ್ಥರು ತಾವಾಗಿಯೇ ಕಟ್ಟಡವನ್ನು ಬಿಚ್ಚಬಾರದು. ಕುಸಿಯುವ ಅಪಾಯವಿದ್ದಲ್ಲಿ ತಾತ್ಕಾಲಿಕ ಆಸರೆಗಾಗಿ ಸಂಬಂಧಪಟ್ಟ ಇಲಾಖೆಗೆ ಕೂಡಲೇ ಲಿಖಿತ ಮಾಹಿತಿ ನೀಡಿ, ಸ್ವೀಕೃತಿ ಪತ್ರ ಪಡೆದಿಟ್ಟುಕೊಳ್ಳಬೇಕು.