ಡಿಕ್ರಿ ಬಂತು, ಸಾಲ ಹೋಗಲಿಲ್ಲ

ಐರೋಲಿಯ ಆಫೀಸಿನಲ್ಲಿ ಮೀಟಿಂಗಿಗೆ ಹೊರಟಿದ್ದಾಗ ಫೋನ್ ಬಂತು. ಹೋಮ್ ಲೋನಿನ ಎರಡು ಕಂತು ಬಾಕಿಯಿದೆ ಎಂದರು. "ನನಗೆ ಡಿವೋರ್ಸ್ ಆಗಿ ವರ್ಷವಾಯಿತು. ಸಾಲ ಅವರೇ ಕಟ್ಟಬೇಕೆಂದು ಕೋರ್ಟಿನ ಕಾಗದದಲ್ಲೇ ಇದೆ" ಎಂದೆ. ಆಚೆ ಕಡೆಯ ಹುಡುಗ ಮೆತ್ತಗೆ ಹೇಳಿದ: "ಮೇಡಂ, ಆ ಕಾಗದಕ್ಕೆ ಬ್ಯಾಂಕ್ ಸಹಿ ಹಾಕಿಲ್ಲವಲ್ಲ."

ಡೊಂಬಿವಲಿಯ ಆ ಫ್ಲ್ಯಾಟನ್ನು ನಾವಿಬ್ಬರೂ ದುಡಿಯುತ್ತಿದ್ದಾಗ ಜಂಟಿ ಸಾಲದಲ್ಲಿ ಕೊಂಡಿದ್ದೆವು. ಠಾಣೆಯ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವಾಗ ನಾನೇ ಒಂದು ಲೆಕ್ಕ ಹಾಕಿದೆ: ಜೀವನಾಂಶ ಬೇಡ, ಮನೆಯೂ ಸಾಲವೂ ಅವರಿಗೇ ಇರಲಿ. ಧಾರವಾಡದಿಂದ ಅಮ್ಮ ಕೂಡ, "ಅವರ ರೊಕ್ಕ ನಮಗ್ಯಾಕ ಬೇಕವಾ, ಬಿಟ್ಟಬಿಡು" ಎಂದಿದ್ದಳು. ಸ್ವಾಭಿಮಾನದಿಂದ ಸಹಿ ಹಾಕಿದೆ. ಅವರ ಕೆಲಸ ಹೋದಾಗ ಕಂತು ನಿಂತಿತು. ನನ್ನ ಸಿಬಿಲ್ ಸ್ಕೋರ್ ಕುಸಿಯಿತು.

ಆಮೇಲೆ ಓದಿ, ಕೇಳಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಗೋವಾ ಬಿಟ್ಟರೆ ನಮ್ಮ ದೇಶದಲ್ಲಿ ಮದುವೆಯ ನಂತರ ಗಳಿಸಿದ್ದೆಲ್ಲ ಇಬ್ಬರಿಗೂ ಸಮಪಾಲು ಎನ್ನುವ ಕಾನೂನಿಲ್ಲ. ಸಾಲಕ್ಕೂ ಅಷ್ಟೇ, ಯಾರು ಸಹಿ ಹಾಕಿದ್ದಾರೋ ಅವರೇ ಹೊಣೆ. 1872ರ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ, ಜಂಟಿಯಾಗಿ ಸಾಲ ಪಡೆದವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಹಣ ಕೇಳುವ ಹಕ್ಕು ಬ್ಯಾಂಕಿಗಿದೆ. ಜಾಮೀನು ನಿಂತವರಿಗೂ ಇದೇ ಗತಿ. ಒಪ್ಪಂದ ಮುರಿದ ಗಂಡನ ಮೇಲೆ ನಾನು ಕೋರ್ಟಿಗೆ ಹೋಗಬಹುದು. ಆದರೆ ಬ್ಯಾಂಕ್ ಅಲ್ಲಿಯವರೆಗೆ ಕಾಯಬೇಕಿಲ್ಲ.

ಜೀವನಾಂಶದ ಲೆಕ್ಕ ಬೇರೆಯೇ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮು ಕೇಸು ನಡೆಯುವಾಗಿನದ್ದು, 25ನೆಯದು ಶಾಶ್ವತ ಜೀವನಾಂಶದ್ದು. ಗಂಡನೂ ಕೇಳಬಹುದು. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದಿತು. ಸಂಬಳದಲ್ಲಿ ಸಾಲದ ಕಂತು, ಪಿಎಫ್ ಎಲ್ಲ ಕಳೆದು ಉಳಿದದ್ದನ್ನಷ್ಟೇ ತೋರಿಸುವ ಜಾಣತನವೂ ಸಾಮಾನ್ಯ. ಅಂಥ ಕಡಿತಗಳನ್ನು ಮುಂದಿಟ್ಟು ಜೀವನಾಂಶ ತಗ್ಗಿಸಲಾಗದೆಂದು ಕರ್ನಾಟಕ ಹೈಕೋರ್ಟ್ 2024ರಲ್ಲಿ ಹೇಳಿದೆ. ಮಗುವಿದ್ದರೆ ಅದರ ಖರ್ಚಿನ ಹಕ್ಕು ಮಗುವಿನದೇ, ತಾಯಿ ಬಿಟ್ಟುಕೊಟ್ಟರೂ ಅದು ಹೋಗುವುದಿಲ್ಲ.

ನನ್ನ ತಪ್ಪು ಇಲ್ಲೇ ಇತ್ತು. ಜೀವನಾಂಶ ನನ್ನ ಹಕ್ಕು, ಅದನ್ನು ಆ ದಿನವೇ ಬಿಟ್ಟೆ. ಬದಲಿಗೆ ಸಿಕ್ಕದ್ದು ಬರೀ ಒಂದು ಮಾತು.

ಹಾಗಾಗಿ ಸಹಿ ಹಾಕುವ ಮೊದಲು ಬ್ಯಾಂಕಿಗೆ ಹೋಗಿ. ಒಬ್ಬರ ಸಂಬಳದ ಮೇಲೆ ಸಾಲ ನಿಲ್ಲುತ್ತದೆಯೇ ಎಂದು ಕೇಳಿ. ನಿಲ್ಲದಿದ್ದರೆ ಮನೆ ಮಾರಿ ಸಾಲ ತೀರಿಸುವುದೇ ಮೇಲು. ಉದಾಹರಣೆಗೆ ಮನೆಯ ಬೆಲೆ 80 ಲಕ್ಷ, ಉಳಿದ ಸಾಲ 50 ಲಕ್ಷ ಎಂದಿಟ್ಟುಕೊಳ್ಳಿ. ಹಂಚಬೇಕಾದದ್ದು 30 ಲಕ್ಷ. ಮನೆ ಒಬ್ಬರಿಗೇ ಬಿಡುವುದಾದರೆ ಬ್ಯಾಂಕಿನ ಎನ್‌ಒಸಿ ಪಡೆದು, ಡಿಕ್ರಿಗೆ ಮೊದಲೇ ದಾನಪತ್ರ ಮಾಡಿಸಿ. ಮಹಾರಾಷ್ಟ್ರದಲ್ಲಿ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ವಾಸದ ಮನೆ ದಾನ ಕೊಟ್ಟರೆ ಸ್ಟಾಂಪ್ ಡ್ಯೂಟಿ 200 ರೂಪಾಯಿ. ಡಿಕ್ರಿಯಾದ ಮೇಲೆ ನೀವು ಗಂಡ-ಹೆಂಡತಿಯಲ್ಲ, ಆ ರಿಯಾಯಿತಿಯೂ ಇಲ್ಲ. ನಮಗೆ ಇದು ತಡವಾಗಿ ಗೊತ್ತಾಯಿತು.

ಬಾಕಿ ಕಂತುಗಳನ್ನು ನಾನೇ ಕಟ್ಟಿದೆ. ಅವರಿಗೆ ಹೊಸ ಕೆಲಸ ಸಿಕ್ಕ ಮೇಲೆ ಬೇರೆ ಬ್ಯಾಂಕಿನಲ್ಲಿ ತಮ್ಮೊಬ್ಬರ ಹೆಸರಿಗೆ ಸಾಲ ಮಾಡಿಕೊಂಡು ಹಳೆಯದನ್ನು ತೀರಿಸಿದರು. ಸಾಲ ತೀರಿದ ಪತ್ರ ಕೈಗೆ ಬಂದ ಸಂಜೆ, ಠಾಣೆ ಸ್ಟೇಷನ್ನಿನಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

"ಈಗ ಬಿಡುಗಡಿ ಆತೇನವಾ?" ಎಂದಳು.

"ಹೂಂ ಅವ್ವಾ, ಈಗ ಆತು" ಎಂದೆ.