ಏಳಲೊಲ್ಲದ ಗಣಕಯಂತ್ರ

ಮದ್ದು ಕೊಡುವ ಮೊದಲು ನಾಡಿ ಹಿಡಿದು ನೋಡುವುದು ವೈದ್ಯರ ಪದ್ಧತಿ. ಯಂತ್ರಗಳ ವಿಷಯದಲ್ಲಿ ಮಾತ್ರ ನಾವು ಇದನ್ನು ಮರೆಯುತ್ತೇವೆ. ಗುಂಡಿ ಒತ್ತಿದಾಗ ಹಳೆಯ ಕಂಪ್ಯೂಟರು ಏಳದಿದ್ದರೆ, ಅದರ ಆಯುಸ್ಸು ಮುಗಿಯಿತೆಂದು ತೀರ್ಪು ಕೊಟ್ಟುಬಿಡುತ್ತೇವೆ. ಹೊಸದನ್ನು ಕೊಳ್ಳಬಲ್ಲವರಿಗೆ ಈ ತೀರ್ಪಿನಿಂದ ಹೆಚ್ಚಿನ ನಷ್ಟವಿಲ್ಲ. ಆದರೆ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ತುಮಕೂರಿಗೆ ಓದಲು ಬರುವ ನಮ್ಮಂಥವರ ಮಾತು ಬೇರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ತಂದೆಯವರು ಕೊಬ್ಬರಿ ಮಾರಿದ ಹಣದಲ್ಲಿ, ಯಾವುದೋ ಕಚೇರಿಯವರು ಬಳಸಿ ಬಿಟ್ಟ ಯಂತ್ರವೊಂದನ್ನು ತಂದುಕೊಟ್ಟರು. ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ವಾರವಿರುವಾಗ ಅದು ನಿಂತುಹೋಯಿತು. ರಿಪೇರಿಯವರೊಬ್ಬರು ಮದರ್‌ಬೋರ್ಡೇ ಹೋಗಿದೆಯೆಂದರು. ನಿಜವಾದ ದೋಷವಿದ್ದುದು ಮೆಮೊರಿ ಪಟ್ಟಿಯಲ್ಲಿ. ಅದನ್ನು ನೀಗಿಸಿದುದು ಪೆನ್ಸಿಲ್ ಅಳಿಸುವ ರಬ್ಬರು!

ಆದುದರಿಂದ ಯಂತ್ರ ಏಳದಿದ್ದಾಗ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ನಿವೇದಿಸುವೆನು. ಸೂತ್ರ ಒಂದೇ: ಗೋಡೆಯಿಂದ ಒಳಕ್ಕೆ, ಅಗ್ಗದಿಂದ ದುಬಾರಿಗೆ.

ಮೊದಲು ರೋಗಲಕ್ಷಣ. ದೀಪವೂ ಇಲ್ಲ, ಫ್ಯಾನೂ ತಿರುಗದು ಎಂಬುದು ಒಂದು ಬಗೆ. ಫ್ಯಾನು ತಿರುಗುವುದು, ಪರದೆ ಮಾತ್ರ ಕತ್ತಲೆ ಎಂಬುದು ಎರಡನೆಯದು. ಪರದೆಯಲ್ಲಿ ಅಕ್ಷರ ಮೂಡಿ ಅಲ್ಲಿಗೇ ನಿಲ್ಲುವುದು ಮೂರನೆಯದು.

ಮೊದಲನೆಯ ಬಗೆಯಲ್ಲಿ ಸಂದೇಹಿಸಬೇಕಾದುದು ವಿದ್ಯುತ್ತಿನ ದಾರಿಯನ್ನು. ಗೋಡೆಯ ಪ್ಲಗ್ಗಿಗೆ ಬೇರೆ ದೀಪ ಹಾಕಿ ನೋಡಿರಿ. ಅನಂತರ ವೈರು, ಪೆಟ್ಟಿಗೆಯ ಹಿಂಬದಿಯ ಸ್ವಿಚ್ಚು. ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ೧೧೫, ೨೩೦ ಎಂದು ಬರೆದ ಕೆಂಪು ಸ್ವಿಚ್ಚೂ ಇರುವುದು. ನಮ್ಮ ದೇಶದಲ್ಲಿ ಅದು ೨೩೦ರಲ್ಲಿಯೇ ಇರತಕ್ಕದ್ದು. ಇವೆಲ್ಲ ಸರಿಯಿದ್ದರೆ ವೈರನ್ನು ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಜೋಡಿಸಿ ನೋಡಬೇಕು. ಇಷ್ಟಾದರೂ ಏಳದಿದ್ದರೆ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯ ಮೇಲೆ ಗುಮಾನಿ. ಮನೆಗೆ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫, ೩.೩ ವೋಲ್ಟುಗಳಾಗಿ ಇಳಿಸಿ ಹಂಚುವುದು ಅದರ ಕೆಲಸ. ಕುಣಿಗಲ್ ಕೆರೆ ತುಂಬಿದ್ದರೂ ತೂಬು ಕಟ್ಟಿಕೊಂಡರೆ ಗದ್ದೆಗೆ ನೀರು ಬಾರದಷ್ಟೆ, ಹಾಗೆಯೇ ಇದೂ. ಸುಸ್ಥಿತಿಯಲ್ಲಿರುವ ಇನ್ನೊಂದನ್ನು ಜೋಡಿಸಿ ನೋಡುವುದೇ ಸುಲಭದ ಪರೀಕ್ಷೆ. ಆದರೆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನೇ ಬಿಚ್ಚುವ ಸಾಹಸ ಯಾರೂ ಮಾಡಬಾರದು. ವೈರು ಕಿತ್ತ ಮೇಲೂ ಅದರೊಳಗೆ ಪ್ರಾಣಾಪಾಯಕರವಾದ ವಿದ್ಯುತ್ತು ಕೆಲಕಾಲ ಉಳಿದಿರಬಹುದು.

ಎರಡನೆಯ ಬಗೆಯನ್ನು ತಿಳಿಯಲು ನಾಟಕದ ಉಪಮೆ ಬೇಕು. ೧೮೮೪ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ ಹೆಸರಾದ ಗುಬ್ಬಿಯ ಕಡೆಯವಳು ನಾನು! ತೆರೆ ಏಳುವ ಮೊದಲು ವ್ಯವಸ್ಥಾಪಕರು ಪಾತ್ರಧಾರಿಗಳೆಲ್ಲ ಬಂದಿರುವರೇ ಎಂದು ನೋಡುವರು. ಯಂತ್ರವೂ ಹಾಗೆಯೇ ಪ್ರೊಸೆಸರ್, ಮೆಮೊರಿ, ಚಿತ್ರ ತೋರುವ ಭಾಗ ಇವುಗಳ ಹಾಜರಿ ಹಿಡಿಯುವುದು. ಯಾರಾದರೂ ಗೈರುಹಾಜರಾದರೆ ತೆರೆ ಏಳದು. ಒಳಗಿನ ಪುಟ್ಟ ಸ್ಪೀಕರಿನಿಂದ ಬೀಪ್ ಸದ್ದು ಮಾತ್ರ ಬರುವುದು. ಅನೇಕ ಯಂತ್ರಗಳಲ್ಲಿ ಮತ್ತೆ ಮತ್ತೆ ಬರುವ ಉದ್ದನೆಯ ಸದ್ದು ಮೆಮೊರಿಯ ದೂರು. ಪರದೆಯ ಸ್ವಿಚ್ಚು, ಕೇಬಲ್ಲುಗಳನ್ನು ನೋಡಿಯಾದ ಮೇಲೆ, ವೈರು ಕಿತ್ತು, ಮೆಮೊರಿ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ, ಕಿವಿಗಳೆರಡೂ ಕ್ಲಿಕ್ಕೆನ್ನುವಂತೆ ಕೂರಿಸಬೇಕು. ಧೂಳು, ತೇವಗಳಿಂದ ಸಂಪರ್ಕ ಕೆಡುವುದು ಹಳೆಯ ಯಂತ್ರಗಳಲ್ಲಿ ಸಾಮಾನ್ಯ.

ಮೂರನೆಯ ಬಗೆಯಲ್ಲಿ ಯಂತ್ರ ತನ್ನ ಕಷ್ಟವನ್ನು ತಾನೇ ಬರೆದು ತೋರಿಸುವುದು, ಆತುರಪಡದೆ ಓದಬೇಕು. ತಾರೀಖು ತಪ್ಪಿದೆ ಎಂದರೆ ಬಿಲ್ಲೆಯಂಥ ೩ ವೋಲ್ಟಿನ ಬ್ಯಾಟರಿ ಮುಗಿದಿರಬಹುದು. ಅದರ ಗುರುತು ಸಿಆರ್ ೨೦೩೨. ಬೂಟ್ ಡಿವೈಸ್ ಇಲ್ಲ ಎಂದರೆ ಮರೆತುಬಿಟ್ಟ ಪೆನ್‌ಡ್ರೈವನ್ನು ತೆಗೆದು, ಹಾರ್ಡ್ ಡಿಸ್ಕಿನ ಕೇಬಲ್ಲನ್ನು ಬಿಗಿಮಾಡಿರಿ.

ಎಲ್ಲವೂ ವಿಫಲವಾದರೆ ಮದರ್‌ಬೋರ್ಡಿನ ಕೆಪಾಸಿಟರುಗಳನ್ನು ನೋಡಿರಿ. ೨೦೦೦ದ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಅನೇಕ ಬೋರ್ಡುಗಳು ಇವುಗಳ ಕಳಪೆತನದಿಂದಲೇ ಕೆಟ್ಟವು. ತಲೆ ಉಬ್ಬಿದ್ದರೆ, ರಸ ಸೋರಿದ್ದರೆ ಅದು ಬಲ್ಲವರ ಕೆಲಸ. ಆಗಲೂ ನಿರಾಶರಾಗಬೇಕಿಲ್ಲ. ಯಂತ್ರ ಏಳದಿದ್ದ ಮಾತ್ರಕ್ಕೆ ಬರೆದಿಟ್ಟುದು ಅಳಿಯದು. ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಅದನ್ನು ಬೇರೆ ಯಂತ್ರಕ್ಕೆ ಜೋಡಿಸಿ ಟಿಪ್ಪಣಿಗಳನ್ನೆಲ್ಲ ಪಡೆಯಬಹುದು. ಹಳೆಯ ಯಂತ್ರವನ್ನು ಮಾರುವ ಮುನ್ನ ಈ ಮಾತು ನೆನಪಿರಲಿ.

ಇದು ವಿಜ್ಞಾನದವರ ವಿದ್ಯೆ, ಕಲಾ ವಿಭಾಗದವರಿಗೇಕೆ ಎಂದು ಕೆಲವರು ಕೇಳಬಹುದು. ಒಂದು ಸಂದೇಹವನ್ನು ತೀರಿಸಿಕೊಂಡ ಮೇಲೆ ಮುಂದಿನದಕ್ಕೆ ಹೋಗುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲ ನೋಡುವುದು — ಇದು ನಮ್ಮ ಗುರುಗಳು ತರ್ಕದಲ್ಲಿಯೂ ಇತಿಹಾಸದಲ್ಲಿಯೂ ಕಲಿಸಿದ ಪಾಠವೇ. "ಇದು ಮುಗಿಯಿತು, ಹೊಸದು ಕೊಳ್ಳಿ" ಎಂದು ಯಾರಾದರೂ ಹೇಳಿದಾಗ, ಯಾವ ಭಾಗ ಕೆಟ್ಟಿದೆ, ಅದನ್ನು ಹೇಗೆ ತಿಳಿದಿರಿ ಎಂದು ವಿನಯದಿಂದ ಕೇಳುವಷ್ಟು ಅರಿವು ನಮಗಿರಲಿ. ಹೆತ್ತವರ ದುಡಿಮೆಯ ಹಣವನ್ನು ಉಳಿಸುವ ಅರಿವೂ ವಿದ್ಯೆಯೇ ಅಲ್ಲವೇ?