ಮಿತ್ರನ ನೆರವೂ ಮೈಸೂರಿನ ಯುದ್ಧವೂ: ಹೈದರ್-ಟೀಪೂ ಕಾಲದ ಫ್ರೆಂಚ್ ರಾಜತಂತ್ರ

ಮೈಸೂರಿನ ಇತಿಹಾಸವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು. ಹೈದರಾಲಿಯೂ ಆತನ ಮಗ ಟೀಪೂ ಸುಲ್ತಾನನೂ ಸುಮಾರು ಇಪ್ಪತ್ತು ವರ್ಷಗಳ ಕಾಲ ಫ್ರೆಂಚರ ನೆರವನ್ನು ಅಪೇಕ್ಷಿಸಿದರು. ಆ ನೆರವು ಬೇಕಾದ ಹೊತ್ತಿಗೆ, ಬೇಕಾದ ಪ್ರಮಾಣದಲ್ಲಿ ಏಕೆ ಒದಗಲಿಲ್ಲ? ಇದಕ್ಕೆ ಎರಡು ಉತ್ತರಗಳು ರೂಢಿಯಲ್ಲಿವೆ. ಫ್ರೆಂಚರು ವಿಶ್ವಾಸಘಾತುಕರೆಂಬುದು ಒಂದು. ಟೀಪೂ ವ್ಯವಹಾರಜ್ಞಾನವಿಲ್ಲದೆ ಪರರನ್ನು ನಂಬಿ ಕೆಟ್ಟನೆಂಬುದು ಇನ್ನೊಂದು. ಎರಡೂ ವ್ಯಕ್ತಿಗಳ ಗುಣದೋಷಗಳಲ್ಲಿಯೇ ನಿಂತುಬಿಡುತ್ತವೆ; ರಾಷ್ಟ್ರಗಳ ಹಿತಾಹಿತಗಳನ್ನು ವಿಚಾರಿಸುವುದಿಲ್ಲ. ಯುದ್ಧನಿರತನಾದ ಅರಸನು ಪ್ರಬಲನಾದ ಮಿತ್ರನಿಂದ ನೆರವನ್ನು ಪಡೆಯುವಾಗ ಮೂರು ವಿಷಯಗಳು ಇತ್ಯರ್ಥವಾಗಬೇಕು: ಬಂದ ಸೇನೆ ಯಾರ ಆಜ್ಞೆಯಲ್ಲಿ ನಡೆಯಬೇಕು, ಅದು ಯಾವಾಗ ಬರಬೇಕು, ಮತ್ತು ಸಂಧಿಯನ್ನು ಯಾರು ಯಾರನ್ನು ಕೇಳಿ ಮಾಡಿಕೊಳ್ಳಬೇಕು. ಮೈಸೂರು-ಫ್ರೆಂಚ್ ಸಂಬಂಧದಲ್ಲಿ ಈ ಮೂರೂ ಕೊನೆಯವರೆಗೆ ಇತ್ಯರ್ಥವಾಗಲೇ ಇಲ್ಲವೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಮೈಸೂರಿನ ಸ್ವಂತ ಬಲ

ನೆರವು ಬೇಡಿದವನು ನಿರ್ಗತಿಕನಾಗಿದ್ದನೆಂದು ಭಾವಿಸುವುದು ತಪ್ಪು. ಮೈಸೂರಿಗೆ ಉತ್ತಮ ಅಶ್ವದಳವಿತ್ತು; ಕಬ್ಬಿಣದ ಕೊಳವೆಯ ಅಗ್ನಿಬಾಣಗಳಿದ್ದವು; ಎಲ್ಲಕ್ಕೂ ಮಿಗಿಲಾಗಿ ಸೈನ್ಯವನ್ನು ಶೀಘ್ರವಾಗಿ ಸಾಗಿಸಬಲ್ಲ ಎತ್ತುಗಳಿದ್ದವು. ಈ ಕೊನೆಯ ಅಂಶ ನಮ್ಮ ನಾಡಿಗೆ ಬಹು ಹತ್ತಿರದ್ದು. ಶಿವನಿಗೆ ಸಮೀಪದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿರುವುದನ್ನು ಈ ಭಾಗದವರೆಲ್ಲರೂ ಬಲ್ಲರು. ಕಡೂರು, ತರೀಕೆರೆ ಸೀಮೆಯ ಹುಲ್ಲುಗಾವಲುಗಳಿಗೆ 'ಕಾವಲು' ಎಂಬ ಹೆಸರು ನಿಂತಿರುವುದೂ ಈ ದನಗಳ ಇತಿಹಾಸಕ್ಕೆ ಸೇರಿದ ಸಂಗತಿಯೇ. ಮೈಸೂರು ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡಿದ್ದ ಇಲಾಖೆಗೆ 'ಅಮೃತಮಹಲ್' ಎಂಬ ಹೆಸರನ್ನು ಕೊಟ್ಟವನು ಟೀಪೂ. ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರು ಗೆಜೆಟಿಯರಿನಲ್ಲಿ ಹೇಳಿದೆ.

ಹಾಗಾದರೆ ಮೈಸೂರಿಗೆ ಕೊರತೆಯಾಗಿದ್ದುದು ಏನು? ಮುಖ್ಯವಾಗಿ ನೌಕಾಬಲ. ನೆಲದ ಮೇಲೆ ಎಷ್ಟು ಸಲ ಸೋತರೂ ಇಂಗ್ಲೀಷರು ಮದರಾಸಿಗೂ ಮುಂಬಯಿಗೂ ಸಮುದ್ರಮಾರ್ಗವಾಗಿ ಹೊಸ ಸೈನ್ಯವನ್ನು ತರಿಸಬಲ್ಲವರಾಗಿದ್ದರು. ಆ ಮಾರ್ಗವನ್ನು ಕಡಿಯಬಲ್ಲ ಶಕ್ತಿ ಅಂದು ಫ್ರಾನ್ಸಿಗೆ ಮಾತ್ರ ಇತ್ತು. ಆದುದರಿಂದ ಫ್ರೆಂಚರ ಸ್ನೇಹವನ್ನು ಬಯಸಿದ್ದು ಮೋಹವಲ್ಲ, ಲೆಕ್ಕಾಚಾರ. ೧೭೭೯ರ ಮಾರ್ಚಿನಲ್ಲಿ ಇಂಗ್ಲೀಷರು ಮಾಹೆಯನ್ನು ಹಿಡಿದಾಗ ಹೈದರನು ಅಷ್ಟೊಂದು ಕ್ರುದ್ಧನಾದುದಕ್ಕೆ ಕಾರಣವೂ ಇದೇ. ಆತನಿಗೆ ಫ್ರೆಂಚ್ ಮದ್ದುಗುಂಡುಗಳು ಒದಗುತ್ತಿದ್ದುದು ಆ ರೇವಿನ ಮೂಲಕ. ಅದು ತನ್ನ ರಕ್ಷಣೆಯಲ್ಲಿದೆಯೆಂದು ಆತನು ಸಾರಿದ್ದನು.

೨. ಕಡಲೂರಿನ ಪಾಠ

೧೭೮೦ರ ಜುಲೈಯಲ್ಲಿ ಹೈದರನು ಕರ್ನಾಟಿಕ್ ಪ್ರಾಂತವನ್ನು ಹೊಕ್ಕು, ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಬೇಯ್ಲಿಯ ಸೇನೆಯನ್ನು ನಿರ್ನಾಮ ಮಾಡಿದನು. ಫ್ರೆಂಚ್ ನೌಕಾಪಡೆಯೊಂದು ಆಗಲೇ ಬಂದಿದ್ದರೆ ಮದರಾಸಿನ ಗತಿಯೇನಾಗುತ್ತಿತ್ತೋ ಹೇಳುವುದು ಕಷ್ಟ. ಸುಫ್ರೇನನ ನೌಕಾಪಡೆ ಕೋರಮಂಡಲ ತೀರವನ್ನು ಮುಟ್ಟಿದುದು ೧೭೮೨ರ ಫೆಬ್ರವರಿಯಲ್ಲಿ. ಸುಫ್ರೇನ್ ಅಸಾಧಾರಣ ನಾವಿಕ. ಮುಂದಿನ ಹದಿನಾರು ತಿಂಗಳುಗಳಲ್ಲಿ ಇಂಗ್ಲೀಷ್ ನೌಕಾಪತಿ ಹ್ಯೂಸ್‌ನೊಡನೆ ಐದು ಬಾರಿ ಕಾದಿದನು. ಜುಲೈ ಕೊನೆಯಲ್ಲಿ ಕಡಲೂರಿನ ಬಳಿ ಹೈದರನನ್ನು ಕಂಡನು. ಇಬ್ಬರಲ್ಲಿಯೂ ಪರಸ್ಪರ ಗೌರವ ಹುಟ್ಟಿತು.

ಆದರೆ ನೆಲದ ಸೇನೆಯ ಸ್ಥಿತಿ ಬೇರೆಯಾಗಿತ್ತು. ಪರಂಗಿಪೇಟೆಯಲ್ಲಿ ಇಳಿದ ಫ್ರೆಂಚ್ ದಳದ ನಾಯಕ ದ್ಯುಷೆಮಿನ್, ಹಿರಿಯ ಸೇನಾನಿ ಬುಸ್ಸಿ ಬರುವವರೆಗೆ ದೊಡ್ಡ ಕಾಳಗಕ್ಕೆ ಇಳಿಯಲಾರೆನೆಂದು ಕುಳಿತನು. ೧೭೮೨ರ ಏಪ್ರಿಲಿನಲ್ಲಿ ಕಡಲೂರು ಕೈವಶವಾದ ಮೇಲೆ ಹೈದರನು ಯುದ್ಧಕ್ಕೆ ಎಷ್ಟು ಒತ್ತಾಯಪಡಿಸಿದರೂ ಆತನು ಕದಲಲಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನೆರವು ನೀಡಲು ಬಂದ ಈ ಸೇನೆ ಅಕ್ಕಿಗೆ, ಮಾಂಸಕ್ಕೆ, ಹಣಕ್ಕೆ, ಸಾಗಣೆಯ ಎತ್ತುಗಳಿಗೆ ಹೈದರನನ್ನೇ ಅವಲಂಬಿಸಿತ್ತು. ಅಂದರೆ, ಉಪಕಾರ ಮಾಡುವವನೆಂದು ಬಂದವನನ್ನು ಉಪಕಾರ ಬೇಡಿದವನೇ ಸಾಕುತ್ತಿದ್ದನು. ಆದರೂ ಆಜ್ಞೆ ಹೈದರನ ಕೈಯಲ್ಲಿರಲಿಲ್ಲ.

೧೭೮೨ರ ಡಿಸೆಂಬರ್ ೭ರಂದು ಹೈದರನು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡನು. ಬುಸ್ಸಿ ಬಂದಿಳಿದುದು ೧೭೮೩ರ ಮಾರ್ಚಿನಲ್ಲಿ. ಅಷ್ಟರಲ್ಲಿ ಮುಂಬಯಿಯ ಇಂಗ್ಲೀಷ್ ಸೇನೆ ಬಿದನೂರನ್ನು ಹಿಡಿದಿದ್ದುದರಿಂದ ಟೀಪೂ ಪಶ್ಚಿಮಕ್ಕೆ ಧಾವಿಸಬೇಕಾಯಿತು. ಏಪ್ರಿಲ್ ಕೊನೆಯಲ್ಲಿ ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಆತನೊಡನೆ ಫ್ರೆಂಚ್ ದಳವೊಂದು ಇತ್ತು. ಪೂರ್ವತೀರದಲ್ಲಿ ಕಡಲೂರಿನೊಳಗೆ ಸಿಲುಕಿದ್ದ ಬುಸ್ಸಿಯನ್ನು ಜೂನ್ ೨೦ರ ನೌಕಾಯುದ್ಧದಿಂದ ಸುಫ್ರೇನ್ ಉಳಿಸಿದನು.

ಆಗ ಯೂರೋಪಿನಿಂದ ಸುದ್ದಿ ಬಂದಿತು. ಇಂಗ್ಲೆಂಡು-ಫ್ರಾನ್ಸ್‌ಗಳ ನಡುವೆ ಸಂಧಿಯ ಪ್ರಾಥಮಿಕ ಕರಾರುಗಳು ಜನವರಿಯಲ್ಲಿಯೇ ಆಗಿದ್ದವು. ಸುದ್ದಿ ಕಡಲೂರನ್ನು ಮುಟ್ಟಲು ಐದು ತಿಂಗಳು ಹಿಡಿದಿತ್ತು. ಜೂನ್ ತಿಂಗಳ ಕಾಳಗಗಳಲ್ಲಿ ಮಡಿದವರು ಮುಗಿದುಹೋದ ಯುದ್ಧದಲ್ಲಿ ಮಡಿದವರು. ಬುಸ್ಸಿ ಕೈ ಕಟ್ಟಿ ನಿಂತನು. ಮಂಗಳೂರಿನ ಫ್ರೆಂಚರೂ ಟೀಪೂವನ್ನು ಬಿಟ್ಟು ಹಿಂದೆಗೆದರು. ೧೭೮೩ರ ಸೆಪ್ಟೆಂಬರಿನ ವರ್ಸೇಲ್ಸ್ ಕೌಲಿನ ಹದಿನಾರನೆಯ ವಿಧಿಯಲ್ಲಿ, ಉಭಯ ಪಕ್ಷಗಳಿಗೂ ಇಂಡಿಯಾದಲ್ಲಿರುವ ಮಿತ್ರರು ನಾಲ್ಕು ತಿಂಗಳೊಳಗೆ ಈ ಶಾಂತಿಗೆ ಸೇರಬಹುದೆಂದು ಆಹ್ವಾನವಿತ್ತು. ಮೂರು ವರ್ಷ ಕಾದಿದ ರಾಜ್ಯಕ್ಕೆ ದೊರೆತ ಸ್ಥಾನ ಅಷ್ಟೆ.

ಟೀಪೂ ಒಬ್ಬನೇ ಮುತ್ತಿಗೆಯನ್ನು ಮುಂದುವರಿಸಿ, ೧೭೮೪ರ ಜನವರಿಯಲ್ಲಿ ಕೋಟೆಯನ್ನು ಪಡೆದು, ಮಾರ್ಚ್ ೧೧ರಂದು ಮಂಗಳೂರಿನ ಒಪ್ಪಂದವನ್ನು ಇಂಗ್ಲೀಷರೊಡನೆ ತಾನೇ ಮಾಡಿಕೊಂಡನು. ಗೆದ್ದುದನ್ನು ಪರಸ್ಪರ ಹಿಂದಿರುಗಿಸುವ ಈ ಸಮಬಲದ ಒಪ್ಪಂದವು ಮಿತ್ರನ ಸಹಾಯ ನಿಂತ ಮೇಲೆ ದೊರೆತುದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

೩. ಅಮೆರಿಕದ ಹೋಲಿಕೆ

ಇದೇ ಯುದ್ಧದಲ್ಲಿ ಫ್ರಾನ್ಸಿನ ನೆರವನ್ನು ಪಡೆದ ಇನ್ನೊಂದು ಪಕ್ಷ ಅಮೆರಿಕದ ವಸಾಹತುಗಳು. ಅವುಗಳಿಗೆ ೧೭೭೮ರ ಫೆಬ್ರವರಿ ೬ರ ಮೈತ್ರಿಯ ಕೌಲು ಇತ್ತು. ಒಬ್ಬರನ್ನೊಬ್ಬರು ಕೇಳದೆ ಇಂಗ್ಲೆಂಡಿನೊಡನೆ ಸಂಧಿ ಮಾಡಿಕೊಳ್ಳಬಾರದೆಂಬ ವಿಧಿ ಅದರಲ್ಲಿತ್ತು. ಪ್ಯಾರಿಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವರ್ಷಗಟ್ಟಲೆ ನೆಲಸಿದ್ದನು. ಹಾಗಿದ್ದರೂ ೧೭೮೨ರ ನವೆಂಬರಿನಲ್ಲಿ ಅಮೆರಿಕದ ನಿಯೋಗಿಗಳು ಫ್ರೆಂಚ್ ಮಂತ್ರಿಗೆ ತಿಳಿಸದೆಯೇ ಇಂಗ್ಲೀಷರೊಡನೆ ಪ್ರಾಥಮಿಕ ಕರಾರುಗಳಿಗೆ ಸಹಿ ಹಾಕಿದರು. ಆದುದರಿಂದ ಪ್ರತ್ಯೇಕ ಸಂಧಿಯೆಂಬುದು ಫ್ರೆಂಚರದೊಂದೇ ದುರ್ಗುಣವಲ್ಲ. ಮೈತ್ರಿಕೂಟಗಳ ಸ್ವಭಾವವೇ ಅದು. ವ್ಯತ್ಯಾಸವೆಂದರೆ, ಅಮೆರಿಕಕ್ಕೆ ಕೌಲೂ ಇತ್ತು, ಮಿತ್ರನ ರಾಜಧಾನಿಯಲ್ಲಿ ಖಾಯಂ ಪ್ರತಿನಿಧಿಯೂ ಇದ್ದನು. ಮೈಸೂರಿಗೆ ಎರಡೂ ಇರಲಿಲ್ಲ.

೪. ವರ್ಸೇಲ್ಸಿನ ಆಸ್ಥಾನದಲ್ಲಿ ರಾಯಭಾರಿಗಳು

ಈ ಕೊರತೆಯನ್ನು ಟೀಪೂ ಮನಗಂಡನೆಂಬುದಕ್ಕೆ ೧೭೮೭ರ ರಾಯಭಾರವೇ ಸಾಕ್ಷಿ. ಪಾಂಡಿಚೇರಿಯ ಅಧಿಕಾರಿಗಳೊಡನೆ ವ್ಯವಹರಿಸಿ ಫಲವಿಲ್ಲವೆಂದು ಕಂಡ ಆತನು ನೇರವಾಗಿ ದೊರೆಯ ಬಳಿಗೇ ದೂತರನ್ನು ಕಳುಹಿಸಿದನು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ೧೭೮೭ರ ಜುಲೈಯಲ್ಲಿ ಪಾಂಡಿಚೇರಿಯಿಂದ ಹೊರಟು, ೧೭೮೮ರ ಜೂನಿನಲ್ಲಿ ತೂಲೋನ್ ರೇವನ್ನು ಸೇರಿದರು. ಆಗಸ್ಟ್ ೧೦ರಂದು ಹದಿನಾರನೆಯ ಲೂಯಿ ದೊರೆ ವರ್ಸೇಲ್ಸಿನಲ್ಲಿ ಅವರಿಗೆ ವೈಭವದಿಂದ ದರ್ಶನವಿತ್ತನು.

ರಾಯಭಾರಿಗಳ ಬೇಡಿಕೆಗಳು ಗಮನಾರ್ಹವಾಗಿವೆ. ಫ್ರೆಂಚ್ ಸೇನೆ ಬೇಕು, ಆದರೆ ಅದು ಟೀಪೂವಿನ ಆಜ್ಞೆಗೆ ಒಳಪಟ್ಟಿರಬೇಕು, ಅದರ ವೆಚ್ಚವನ್ನು ಮೈಸೂರೇ ಭರಿಸುವುದು. ಕಡಲೂರಿನ ಪಾಠವೇ ಈ ಷರತ್ತಿನ ಮೂಲವೆಂದು ಊಹಿಸುವುದು ಅಸಂಗತವಾಗದು. ಸೈನಿಕರ ಜೊತೆಗೆ ಕುಶಲಕರ್ಮಿಗಳನ್ನೂ ಗಿಡ, ಬೀಜಗಳನ್ನೂ ಕೇಳಲಾಗಿತ್ತು. ಮಿತ್ರನು ಮತ್ತೆ ಕೈಬಿಟ್ಟರೂ ಕಲಿತ ವಿದ್ಯೆ ನಾಡಿನಲ್ಲಿ ಉಳಿಯುತ್ತದೆಂಬ ದೂರದೃಷ್ಟಿಯನ್ನು ಇಲ್ಲಿ ಕಾಣಬಹುದು.

ದೊರೆ ಕುಶಲಕರ್ಮಿಗಳನ್ನು ಕಳುಹಿಸಿದನು. ಸೇವ್ರ್ ಕಾರ್ಖಾನೆಯ ಪಿಂಗಾಣಿಯನ್ನು ಉಡುಗೊರೆಯಾಗಿ ಕೊಟ್ಟನು. ಸೇನೆಯನ್ನು ಮಾತ್ರ ಕೊಡಲಿಲ್ಲ. ಇಂಗ್ಲೆಂಡಿನೊಡನೆ ಶಾಂತಿಯಿದೆಯೆಂಬುದು ಹೇಳಿದ ಕಾರಣ. ಒಳಗಿನ ಕಾರಣವನ್ನು ಬೊಕ್ಕಸದಲ್ಲಿ ಹುಡುಕಬೇಕು. ರಾಯಭಾರಿಗಳು ದರ್ಶನ ಪಡೆದ ಆರು ದಿನಗಳ ಮೇಲೆ, ಆಗಸ್ಟ್ ೧೬ರಂದು, ಫ್ರೆಂಚ್ ಸರ್ಕಾರ ತನ್ನ ಸಾಲದ ಪಾವತಿಗಳನ್ನು ಭಾಗಶಃ ನಿಲ್ಲಿಸಬೇಕಾಯಿತು. ಅಮೆರಿಕಕ್ಕೆ ಮಾಡಿದ ಸಹಾಯದ ವೆಚ್ಚ ಈ ದುಃಸ್ಥಿತಿಗೆ ಒಂದು ಪ್ರಮುಖ ಕಾರಣ. ಒಬ್ಬ ಮಿತ್ರನಿಗೆ ಕೊಟ್ಟ ನೆರವು ಇನ್ನೊಬ್ಬನ ಪಾಲನ್ನು ಕಬಳಿಸಿತ್ತು. ಮರುವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯೇ ಆಯಿತು.

೫. ಏಕಾಂಗಿಯಾದ ಮೈಸೂರು

೧೭೯೦ರಲ್ಲಿ ಮೂರನೆಯ ಯುದ್ಧ ಆರಂಭವಾದಾಗ ಇಂಗ್ಲೀಷರು ನಿಜಾಮನನ್ನೂ ಪೇಷ್ವೆಯನ್ನೂ ಲಿಖಿತ ಒಪ್ಪಂದಗಳಿಂದ ಕಟ್ಟಿಹಾಕಿದ್ದರು. ಪಾಂಡಿಚೇರಿಯ ಫ್ರೆಂಚರು ತಟಸ್ಥರಾಗಿ ಉಳಿದರು. ದೂರದ ಈ ತಾಟಸ್ಥ್ಯದ ಫಲವನ್ನು ನಮ್ಮ ಸೀಮೆಯೂ ಉಣ್ಣಬೇಕಾಯಿತು. ೧೭೯೧ರ ಡಿಸೆಂಬರಿನಲ್ಲಿ ಪರಶುರಾಮ ಭಾವುವಿನ ಮರಾಠಾ ಸೇನೆ, ಕ್ಯಾಪ್ಟನ್ ಲಿಟಲ್‌ನ ಮುಂಬಯಿ ದಳದೊಡನೆ, ಹೊಳೆಹೊನ್ನೂರನ್ನು ಹಿಡಿದು ಶಿವಮೊಗ್ಗೆಯ ಮೇಲೆ ಬಿದ್ದಿತು. ೧೭೯೨ರ ಆರಂಭದಲ್ಲಿ ಶಿವಮೊಗ್ಗೆಯ ಕೋಟೆ ಬಿದ್ದಿತು. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಿಂದ ಟೀಪೂ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು.

ಕೊನೆಯ ಪ್ರಯತ್ನ ೧೭೯೭ರದು. ಮಂಗಳೂರಿಗೆ ಬಂದ ರಿಪೋ ಎಂಬ ಫ್ರೆಂಚ್ ಹಡಗಿನವನು, ಇಂದು ಮಾರಿಷಸ್ ಎನಿಸಿಕೊಳ್ಳುವ ಫ್ರೆಂಚ್ ದ್ವೀಪದಲ್ಲಿ ಮೈಸೂರಿಗಾಗಿ ದೊಡ್ಡ ಸೇನೆ ಸಿದ್ಧವಾಗಿದೆಯೆಂದು ನಂಬಿಸಿದನು. ಟೀಪೂವಿನ ದೂತರು ೧೭೯೮ರ ಜನವರಿಯಲ್ಲಿ ಅಲ್ಲಿಗೆ ಹೋದಾಗ ಸೇನೆ ಇರಲಿಲ್ಲ. ಗವರ್ನರ್ ಮಲಾರ್ತಿಕ್ ಅವರನ್ನು ಬಹಿರಂಗವಾಗಿ ಸ್ವಾಗತಿಸಿ, ಜನವರಿ ೩೦ರಂದು ಘೋಷಣಾಪತ್ರವೊಂದನ್ನು ಹೊರಡಿಸಿ ಸ್ವಯಂಸೇವಕರನ್ನು ಕರೆದನು. ಫ್ರೆಂಚರು ಬಂದ ಕೂಡಲೇ ಟೀಪೂ ಇಂಗ್ಲೀಷರ ಮೇಲೆ ಯುದ್ಧ ಸಾರುವನೆಂದೂ, ದ್ರಾಕ್ಷಾರಸ ಮತ್ತು ಬ್ರಾಂದಿಗಳ ಹೊರತು ಸೇನೆಗೆ ಬೇಕಾದುದೆಲ್ಲವನ್ನೂ ಒದಗಿಸುವನೆಂದೂ ಅದರಲ್ಲಿ ಬರೆದಿತ್ತು. ಗುಟ್ಟಾಗಿ ಉಳಿಯಬೇಕಾಗಿದ್ದ ಮಾತು ಬೀದಿಗೆ ಬಿದ್ದಿತು. ೧೭೯೮ರ ಏಪ್ರಿಲ್ ಕೊನೆಯಲ್ಲಿ ಮಂಗಳೂರಿನಲ್ಲಿ ಇಳಿದ ಸ್ವಯಂಸೇವಕರು ಸುಮಾರು ನೂರು ಮಂದಿ. ಘೋಷಣಾಪತ್ರದ ಪ್ರತಿ ಜೂನಿನಲ್ಲಿ ಕಲ್ಕತ್ತೆಯನ್ನು ಮುಟ್ಟಿ ವೆಲ್ಲೆಸ್ಲಿಗೆ ಯುದ್ಧಕಾರಣವಾಯಿತು. ನೆರವು ನೂರು ಜನರದು, ಅಪಾಯ ಒಂದು ಸಾಮ್ರಾಜ್ಯದ್ದು.

ಅದೇ ವರ್ಷ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದುದರಿಂದ, ಟೀಪೂ ಹಿಂದೆ ಸ್ನೇಹ ಬಯಸಿದ್ದ ತುರ್ಕಿಯ ಸುಲ್ತಾನನೂ ಫ್ರೆಂಚರ ಶತ್ರುವಾದನು. ಫ್ರೆಂಚರನ್ನು ನಂಬಬೇಡವೆಂಬ ಆತನ ಪತ್ರ ಇಂಗ್ಲೀಷರ ಮೂಲಕವೇ ಟೀಪೂವಿಗೆ ಬಂದಿತು. ನೆಪೋಲಿಯನ್ ೧೭೯೯ರ ಜನವರಿಯಲ್ಲಿ ಕೈರೋ ನಗರದಿಂದ ಟೀಪೂವಿಗೆ ಬರೆದ ಪತ್ರವಾದರೋ ಮಾರ್ಗದಲ್ಲಿ ಇಂಗ್ಲೀಷರ ಕೈಸೇರಿತು. ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಟೀಪೂ ಹೋರಾಡುತ್ತ ಮಡಿದನು.

೬. ಆಕರಗಳ ವಿಚಾರ

ಈ ಕೊನೆಯ ಘಟ್ಟವನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ೧೭೯೭-೯೯ರ ಪತ್ರವ್ಯವಹಾರದ ಬಹುಭಾಗ ಅರಮನೆಯಲ್ಲಿ ದೊರೆತು, ಗೆದ್ದವರಿಂದಲೇ ಇಂಗ್ಲೀಷಿಗೆ ಭಾಷಾಂತರಗೊಂಡು, ಯುದ್ಧದ ಸಮರ್ಥನೆಗಾಗಿ ಪ್ರಕಟವಾದುದು. ಶ್ರೀರಂಗಪಟ್ಟಣದಲ್ಲಿ ಇದ್ದಿತೆನ್ನುವ ಫ್ರೆಂಚ್ ಕ್ರಾಂತಿಕಾರರ ಸಂಘದ ಕಾಗದಗಳನ್ನು ಕುರಿತು ವಿದ್ವಾಂಸರು ಸಂದೇಹ ವ್ಯಕ್ತಪಡಿಸಿದ್ದಾರೆ. ಹಾಗೆಂದು ಇವೆಲ್ಲವನ್ನೂ ತಳ್ಳಿಹಾಕುವಂತಿಲ್ಲ. ಫ್ರೆಂಚ್ ದಾಖಲೆಗಳೊಡನೆ ಹೋಲಿಸಿ, ಯಾರು ಯಾವ ಉದ್ದೇಶದಿಂದ ಕಾಪಾಡಿದ ಕಾಗದವಿದು ಎಂದು ಮೊದಲು ಕೇಳಿಕೊಳ್ಳಬೇಕು.

೭. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ವಿದಿತವಾಗುವುದಿಷ್ಟು. ಫ್ರಾನ್ಸ್ ಮೈಸೂರಿಗೆ ದ್ರೋಹ ಬಗೆಯಿತೆನ್ನುವುದಕ್ಕಿಂತ, ಅದು ತನ್ನ ಯುದ್ಧವನ್ನೇ ಮಾಡುತ್ತಿತ್ತು ಎನ್ನುವುದು ಹೆಚ್ಚು ಸರಿ. ಆ ಯುದ್ಧಕ್ಕೆ ಮೈಸೂರು ಬೇಕಾದಾಗ ಸುಫ್ರೇನ್ ಬಂದನು; ಬೇಡವಾದಾಗ ಬುಸ್ಸಿ ಖಡ್ಗವನ್ನು ಒರೆಗೆ ಸೇರಿಸಿದನು. ಟೀಪೂ ಇದನ್ನು ಅರಿಯದವನಾಗಿರಲಿಲ್ಲ: ಆಜ್ಞಾಧಿಕಾರದ ಪ್ರಶ್ನೆಯನ್ನು ೧೭೮೮ರಲ್ಲಿ ಆತನೇ ಎತ್ತಿದನು. ಆದರೆ ಷರತ್ತು ಹಾಕಬಲ್ಲ ಶಕ್ತಿ ಇದ್ದಾಗ ಮಿತ್ರನಿಗೆ ಹಣವಿರಲಿಲ್ಲ. ೧೭೯೨ರ ಅನಂತರ ಆತನಿಗೇ ಆ ಶಕ್ತಿ ಉಳಿಯಲಿಲ್ಲ. ಆಗ ಹಡಗಿನವನೊಬ್ಬನ ಮಾತೂ ಆಸರೆಯಾಗಿ ತೋರಿತು.

ಅಮೃತಮಹಲ್ ಎತ್ತುಗಳ ವಿಷಯವನ್ನು ನಾವು ಮೊದಲಲ್ಲಿ ಎತ್ತಿದುದು ಊರಿನ ಅಭಿಮಾನದಿಂದಲ್ಲ. ಕಾವಲುಗಳಲ್ಲಿ ಬೆಳೆದ ಬಲ ಅರಸನ ಆಜ್ಞೆಯಲ್ಲಿತ್ತು, ಕರೆದ ದಿನ ಬರುತ್ತಿತ್ತು, ಶತ್ರುವಿನೊಡನೆ ಪ್ರತ್ಯೇಕ ಸಂಧಿ ಮಾಡಿಕೊಳ್ಳುತ್ತಿರಲಿಲ್ಲ. ಕಡಲಾಚೆಯಿಂದ ಬಂದ ಬಲಕ್ಕೆ ಈ ಮೂರು ಗುಣಗಳೂ ಇರಲಿಲ್ಲ. ಆದರೂ ಕಡಲನ್ನು ಆಳುವ ಶತ್ರುವಿನೆದುರು ಅದಿಲ್ಲದೆ ನಡೆಯುವಂತೆಯೂ ಇರಲಿಲ್ಲ. ಹೈದರ್ ಮತ್ತು ಟೀಪೂ ಎದುರಿಸಿದ ಇಕ್ಕಟ್ಟು ಇದು. ಅವರ ರಾಜತಂತ್ರದ ಸೋಲನ್ನು ಅಳೆಯುವವರು ಈ ಇಕ್ಕಟ್ಟನ್ನು ಮೊದಲು ಅಳೆಯಬೇಕು.